ಅರಿಸಿನದಡಿಯ ಗಾಯ

ಇಷ್ಟು ಸಣ್ಣ ಗಾಯಕ್ಕೆ ಡಾಕ್ಟರ್ ಬೇಕಾ? ನೋವೂ ಇಲ್ಲ. ತೋರಿಸಲೇಬೇಕು ಅಂದರೆ ಮೈಸೂರಿಗೆ ಹೋದರಾಯಿತು. ನಮ್ಮ ಕಣದಲ್ಲಿ ಅರಿಸಿನ ಬೇಯಿಸಿದವಳ ಮಗಳ ಮುಂದೆ ಕಾಲು ಚಾಚಿ ಕೂರುವುದೇ? ಚಂದಕವಾಡಿಯ ರೈತ ಗುರುಮಲ್ಲಯ್ಯ ಜಗಲಿಯ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದರು.

ಅರಿಸಿನ ಒಣಗುವ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದೆಂಬುದು ಅವರ ಮನೆಯ ಕಟ್ಟುಪಾಡು. ಬರಿಗಾಲಲ್ಲಿ ಓಡಾಡುವಾಗ ಹೆಬ್ಬೆರಳಿನ ಬುಡಕ್ಕೆ ಜಾಲಿಮುಳ್ಳು ಹೊಕ್ಕಿತ್ತು. ಸಕ್ಕರೆ ಕಾಯಿಲೆಯ ಕಾಲು, ಚುಚ್ಚಿದ್ದೇ ಗೊತ್ತಾಗಲಿಲ್ಲ. ಗಾಯ ಕಂಡ ಮೇಲೆ ಮನೆಯ ಅರಿಸಿನ ಮೆತ್ತಿದರು. ಮರುದಿನ ಇನ್ನಷ್ಟು ಮೆತ್ತಿದರು.

"ಕಾಲು ಊದ್ಕತಾ ಅದೆ. ಏಳಿ, ನಮ್ಮ ಡಾಕ್ಟ್ರು ಸೆಲ್ವಿ ತಾವ್ಕ ಓಗನ," ಎಂದರು ಹೆಂಡತಿ ಶಿವಮ್ಮ.

"ನಮ್ಮನೆ ಅರಿಸ್ನಕ್ಕಿಂತ ಔಷ್ದಿ ಉಂಟಾ? ಸುಮ್ಕಿರಮ್ಮಿ."

"ಅಂಗಾರೆ ಸಕ್ಕರೆ ಕಾಯ್ಲೆಗೂ ಅದ್ನೇ ಮೆತ್ಕಳಿ ಬುಡಿ. ಮಾತ್ರೆ ಯಾಕೆ ನುಂಗ್ತೀರಿ?"

ಗುರುಮಲ್ಲಯ್ಯ ಗೊಣಗುತ್ತಲೇ ಎದ್ದರು.

ಕಲೈಸೆಲ್ವಿಯ ತಂದೆತಾಯಿ ಈರೋಡ್ ಕಡೆಯಿಂದ ಅರಿಸಿನ ಬೇಯಿಸಲು ಬಂದವರು. ಒಂದು ಕಣ ಮುಗಿದರೆ ಮುಂದಿನ ಊರು. ಹುಡುಗಿಗೆ ಶಾಲೆ ತಪ್ಪುತ್ತಿತ್ತು. "ಮಗೀನ ಇಲ್ಲೇ ಬುಟ್ಟೋಗವ್ವ, ನಮ್ಮೈಕಳ ಜೊತೆ ಉಣ್ಕಂಡು ಓದ್ಕತದೆ," ಎಂದು ಶಿವಮ್ಮ ಉಳಿಸಿಕೊಂಡಿದ್ದರು. ತಮಿಳು ಮನೆಮಾತಿನ ಆ ಹುಡುಗಿ ಕನ್ನಡ ಶಾಲೆಯಲ್ಲಿ ಓದಿ, ಚಾಮರಾಜನಗರದಲ್ಲಿ ಡಾಕ್ಟರಿಕೆ ಕಲಿತು, ಊರಿಗೇ ಬಂದು ಕ್ಲಿನಿಕ್ ಇಟ್ಟಳು. ಯಾವ ಮನೆಯಲ್ಲಿ ಯಾರಿಗೆ ಬಿಪಿ, ಯಾರಿಗೆ ಶುಗರ್ ಎಂಬುದು ಈಗ ಅವಳಿಗೆ ಬಾಯಿಪಾಠ.

ಕ್ಲಿನಿಕ್ಕಿನಲ್ಲಿ ಸೆಲ್ವಿ ಗಾಯದ ಮೇಲಿನ ಅರಿಸಿನ ತೊಳೆದಳು. ಹಳದಿಯ ಅಡಿಯಲ್ಲಿ ಕೆಂಪು ಕಂಡಿತು, ಅದರ ನಡುವೆ ಕೀವು.

"ತಾತ, ಒತ್ತಿದ್ರೆ ನೋಯ್ತದಾ?"

"ಇಲ್ಲ ಕಣವ್ವ."

"ಅದೇ ನಂಗೆ ಭಯ. ನೋವು ಗೊತ್ತಾಗ್ದೇ ಇರೋ ಕಾಲು ಒಳ್ಳೇದಲ್ಲ. ಇನ್ನಷ್ಟು ದಿನ ಬುಟ್ಟಿದ್ರೆ ಬೆರಳು ತೆಗೀಬೇಕಾಗಿತ್ತು."

"ಈಗ?" ಅವರ ದನಿ ಸಣ್ಣದಾಯಿತು.

"ಈಗ ಉಳಿಸ್ಕೋಬಹುದು. ದಿನಾ ಬಂದು ಡ್ರೆಸ್ಸಿಂಗ್ ಮಾಡಿಸ್ಕಳಿ. ಕಣದಲ್ಲೂ ಚಪ್ಪಲಿ ಹಾಕ್ಕಳಿ."

"ಅರಿಸ್ನ ಅಂದ್ರೆ ಲಕ್ಷ್ಮಿ ಕಣವ್ವ!"

"ಕಣಕ್ಕೆ ಅಂತ್ಲೇ ಒಂದು ಹೊಸ ಜೊತೆ ಇಡಿ, ಲಕ್ಷ್ಮಿ ಬೇಜಾರು ಮಾಡ್ಕಳಲ್ಲ. ಈ ಅಜ್ಜಿ ಇಕ್ಕಿದ ಮುದ್ದೆ ತಿಂದು ಡಾಕ್ಟರಾದೋಳು ನಾನು. ನಿಮ್ಮ ಕಾಲು ಹೋಗಕ್ಕೆ ಬುಡ್ತೀನಾ?"

"ಚಪ್ಲಿ ನಾನೇ ತತ್ತೀನಿ ಬುಡವ್ವ," ಎಂದರು ಶಿವಮ್ಮ.

ಗಾಯ ನಿಧಾನವಾಗಿ ಮಾಯಿತು. ಈಗ ಗುರುಮಲ್ಲಯ್ಯನವರೇ ನೆರೆಯವರನ್ನು ಗದರುತ್ತಾರೆ: "ಮೊದ್ಲು ಕಾಲು ತೋರ್ಸ್ಕಂಡು ಬಾ ಓಗ್ಲಾ!"

ಸಕ್ಕರೆ ಕಾಯಿಲೆ ಇರುವ ಬಂಧುಗಳೇ, ದಿನವೂ ಅಂಗಾಲು ನೋಡಿಕೊಳ್ಳಿ. ಬರಿಗಾಲಲ್ಲಿ ನಡೆಯಬೇಡಿ. ಗಾಯಕ್ಕೆ ಅರಿಸಿನ ಮೆತ್ತಿ ಮುಚ್ಚಬೇಡಿ. ನೋವಿಲ್ಲವೆಂದು ಕಾಯದೆ, ನಿಮ್ಮ ಮನೆಯವರನ್ನೆಲ್ಲ ಬಲ್ಲ ಹತ್ತಿರದ ಡಾಕ್ಟರಿಗೆ ಅಂದೇ ತೋರಿಸಿ. ದುಡಿಯಲು ಬಂದವರ ಮಕ್ಕಳು ನಿಮ್ಮೂರಲ್ಲಿದ್ದರೆ ಅವರಿಗೆ ಶಾಲೆ ತಪ್ಪದಂತೆ ನೋಡಿಕೊಳ್ಳಿ.

"ನಿನ್ನಿಂದ ನಾನು ನಡೀತಾ ಇವ್ನಿ ಕಣವ್ವ" ಎಂಬ ಮಾತನ್ನು ಗುರುಮಲ್ಲಯ್ಯ ಸೆಲ್ವಿಗೆ ಒಂದು ಸಲವೂ ಹೇಳಲಿಲ್ಲ; ಆದರೆ ಕಣಕ್ಕೆ ಹೋಗುವಾಗ ಹೊಸ ಚಪ್ಪಲಿ ಮೆಟ್ಟುವುದನ್ನು ಒಂದು ಸಲವೂ ಮರೆಯಲಿಲ್ಲ.