ಎರಡನೇ ಸಿಮ್ಮಿನ ನಂಬರು

ಮುಂದೆ ಹೋಗುತ್ತಿರುವ ಟೆಂಪೋದ ಹಿಂಬಾಗಿಲ ಮೇಲೆ ಬಾಡಿಗೆಗೆ ಸಿಗುತ್ತದೆ ಎಂದು ಬರೆದು ಕೆಳಗೊಂದು ಫೋನ್ ನಂಬರು, ಕೊನೆಯ ಎರಡು ಅಂಕಿ ಕೆಸರು ಮೆತ್ತಿ ಮುಚ್ಚಿಹೋಗಿವೆ, ಇನ್ನು ಬಾಡಿಗೆ ಬೇಕಾದವರು ಏನು ಮಾಡಬೇಕು, ಎಂಟು ಅಂಕಿಗೆ ಫೋನು ಹೋಗುವುದಿಲ್ಲ, ಆ ಡ್ರೈವರು ಒಂದು ಬಟ್ಟೆ ತಗೊಂಡು ಒರೆಸಬಾರದೆ — ಬಸ್ಸಿನ ಎರಡನೇ ಸೀಟಿನಲ್ಲಿ ಕೂತ ರೂಪಶ್ರೀ ಆ ಎರಡು ಅಂಕಿ ಏನಿರಬಹುದೆಂದು ಯೋಚಿಸುತ್ತಾಳೆ, ಮೂರು ಎಂಟು ಇರಬಹುದು, ಬೆಳಗಿನಿಂದ ಅವಳಿಗೆ ಲೋಕದ ಎಲ್ಲ ನಂಬರುಗಳೂ ಮೂರು ಎಂಟರಲ್ಲೇ ಮುಗಿಯುತ್ತಿವೆ. ಕಂಡವರ ನಂಬರಿನ ಉಸಾಬರಿ ಯಾಕೆ, ತನ್ನದೇ ಹಾಸಿ ಹೊದೆಯುವಷ್ಟಿದೆ. ಗಂಟೆ ಎರಡೂವರೆ. ಐದಕ್ಕೆ ಹಳೆಯ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಆನ್‌ಲೈನ್ ಖಾತೆಗಳು ಮುಚ್ಚುತ್ತವೆ, ಅಷ್ಟರೊಳಗೆ ತಾನು ಕೆಲಸ ಮಾಡುವ ಕಾಲೇಜಿನಲ್ಲಿ ಓದಿದ ಕಾಳಿಯ ಮೂರು ವರ್ಷದ ಅಂಕಗಳು, ಪ್ರಮಾಣಪತ್ರಗಳು, ಎಲ್ಲವೂ ಮೈಸೂರಿನ ಹೊಸ ಯೂನಿವರ್ಸಿಟಿಯ ಖಾತೆಗೆ ದಾಟಬೇಕು, ದಾಟದಿದ್ದರೆ ಎಂ.ಎ. ಸೀಟು ಪಟ್ಟಿಯಲ್ಲಿ ಮುಂದಿನವರಿಗೆ, ಕಾಗದದ ಅಂಕಪಟ್ಟಿ ತೋರಿಸಿದರೆ ನಡೆಯುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದಾರಂತೆ, ಖಾತೆಯಿಂದ ಖಾತೆಗೇ ಬರಬೇಕು. ದಾಟಿಸುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದರೆ ಖಾತೆಯಲ್ಲಿರುವ ಮೊಬೈಲಿಗೆ ಆರಂಕಿಯ ಓಟಿಪಿ ಬರುತ್ತದೆ. ಖಾತೆಯಲ್ಲಿರುವ ಮೊಬೈಲು ಕಾಳಿಯದಲ್ಲ.

ನಾನೇ ತಪ್ಪು ಹೇಳಿರ್ಬೇಕು ಮೇಡಂ ಅವತ್ತು, ಗಾಬರೀಲಿ, ಅಂದಳು ಕಾಳಿ ಬೆಳಗ್ಗೆ ಮೈಸೂರಿನ ಯೂನಿವರ್ಸಿಟಿಯಿಂದ ಫೋನಿನಲ್ಲಿ, ಸಾರಿ ಮೇಡಂ, ನಿಮ್ಗೆ ತೊಂದ್ರೆ. ಆಗ ರೂಪಶ್ರೀ ಹೇಳಬಹುದಿತ್ತು, ಇಲ್ಲ ಕಾಳಿ, ನೀನು ಯಾವ ನಂಬರೂ ಹೇಳಿರಲಿಲ್ಲ, ಹಾಕಿದ್ದು ನಾನು, ನನ್ನದೇ — ಹೇಳಲಿಲ್ಲ, ನೋಡೋಣ ಇರು ಅಂದಳು, ನೋಡೋಣ ಇರು ಎನ್ನುವುದು ಕಚೇರಿಯ ಮಾತು, ಅದರೊಳಗೆ ಏನನ್ನು ಬೇಕಾದರೂ ಮುಚ್ಚಿಡಬಹುದು.

ಆಧಾರ್ ತೋರ್ಸಿ ಅಮ್ಮ, ಕಂಡಕ್ಟರ್ ನಿಂತಿದ್ದಾನೆ, ಕಾರ್ಡಿನ ಫೋಟೋ ನೋಡುತ್ತಾನೆ, ಅವಳನ್ನು ನೋಡುತ್ತಾನೆ, ಇದು ನೀವೇನಾ, ಹೌದು ಸಾರ್ ನಾನೇ, ಅಂಗೇ ಕೇಳ್ದೆ ಕಣಮ್ಮ, ಅದ್ಯಾಕ್ ಅಳೋ ಹಂಗಾಡ್ತೀರಿ, ಸೊನ್ನೆ ಟಿಕೆಟ್ ಹರಿದುಕೊಟ್ಟು ಹೋಗುತ್ತಾನೆ. ನಾನೇ ಎಂದು ಹೇಳುವಾಗ ಅವಳಿಗೆ ಒಂದು ಕ್ಷಣ ಅನುಮಾನ ಬಂದಿತ್ತು. ಯಾವಾಗಲೂ ಹೀಗೆ. ಮೈಸೂರಿನ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು, ಹಗಲು ಹುಣಸೂರಿನ ಜೆರಾಕ್ಸ್ ಅಂಗಡಿ, ಸಂಜೆ ತರಗತಿ, ಕೊನೆಯ ಬಸ್ಸಿಗೆ ಬಿಳಿಕೆರೆಯಲ್ಲಿ ಇಳಿದರೆ ಅಪ್ಪ ಬ್ಯಾಟರಿ ಹಿಡಿದು ನಿಂತಿರುತ್ತಿದ್ದ, ಹಗಲು ಓದಿದವರಿಗೆಲ್ಲ ಗೊತ್ತಿರುವ ಏನೋ ಒಂದನ್ನು ತನಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ಅವಳಿಗೆ ಇವತ್ತಿಗೂ ಅನಿಸುತ್ತದೆ, ಹುಣಸೂರಿನ ಕಾಲೇಜಿನ ಕಚೇರಿ ಸೇರಿ ಆರು ವರ್ಷವಾಗಿ, ಗುತ್ತಿಗೆಯ ಕೆಲಸವಾದರೂ ಕಂಪ್ಯೂಟರ್ ಕೆಲಸವೆಲ್ಲ ಅವಳದೇ ಆಗಿದ್ದರೂ, ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವುದು ನಿಂತಿಲ್ಲ. ಇವತ್ತು ಸುಳ್ಳು ಹೇಳಿ ಹೊರಟಿದ್ದಾಳೆ. ಹಲ್ಲುನೋವು ಸಾರ್. ಮೇಲ್ವಿಚಾರಕ ರುದ್ರಸ್ವಾಮಿ ಕನ್ನಡಕದ ಮೇಲಿಂದ ನೋಡಿ, ಹೋಗಮ್ಮ ಹೋಗು, ಆಗ ಬಲಗೆನ್ನೆ ಹಿಡ್ಕೊಂಡಿದ್ದೆ, ಈಗ ಎಡಗೆನ್ನೆ ಹಿಡ್ಕೊಂಡಿದೀಯ, ನೋವು ಊರೆಲ್ಲ ಸುತ್ತೋಕೆ ಮುಂಚೆ ಡಾಕ್ಟರಿಗೆ ತೋರ್ಸು.

ಬಸ್ಸು ಹಳ್ಳಿಯೊಂದರಲ್ಲಿ ನಿಂತಿದೆ, ತಂಬಾಕು ಬೇಯಿಸುವ ಬ್ಯಾರನ್ನಿನಿಂದ ಸಿಹಿಯೂ ಅಲ್ಲದ ಖಾರವೂ ಅಲ್ಲದ ವಾಸನೆ, ರಸ್ತೆ ಪಕ್ಕದ ಚಪ್ಪರದಡಿ ಹೆಂಗಸರು ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಾರೆ, ಒಬ್ಬಳು ತಲೆಯೆತ್ತಿ ಬಸ್ಸಿಗೆ ಕೈ ಬೀಸುತ್ತಾಳೆ, ಅಂಗೈ ಕಪ್ಪಗಿದೆ, ಎಲೆಯ ಅಂಟು, ಸೋಪು ಹಾಕಿದರೂ ಹೋಗದ್ದು — ಕಚೇರಿಯ ಕಿಟಕಿಯ ಕಿಂಡಿಯಿಂದ ಒಳಗೆ ಬಂದಿದ್ದ ಕೈ. ಬೇಡ. ಅದನ್ನು ಯೋಚಿಸುವುದು ಬೇಡ, ಮೊದಲು ಕಾಳಿಯದು ಮುಗಿಯಲಿ.

ಮೂರು ವರ್ಷದ ಹಿಂದೆ, ದಾಖಲಾತಿಯ ಕೊನೆಯ ದಿನ, ಎಚ್.ಡಿ. ಕೋಟೆಯ ಕಾಡಂಚಿನ, ಬುಡಕಟ್ಟಿನವರ ಒಂದೇ ಹಾಡಿಯಿಂದ ಇಬ್ಬರು ಬಂದಿದ್ದರು, ಕಾಳಿ ಮತ್ತು ಚಿಕ್ಕಮಾದ, ಅಕ್ಕಪಕ್ಕದ ಮನೆಯವರು, ಬೆಳಗ್ಗೆ ಆರಕ್ಕೆ ಹೊರಟು ಎರಡು ಬಸ್ಸು ಬದಲಾಯಿಸಿ ಮಧ್ಯಾಹ್ನಕ್ಕೆ ಮುಟ್ಟಿದವರು, ಅಂಕಪಟ್ಟಿ ಇತ್ತು, ಜಾತಿ ಪ್ರಮಾಣಪತ್ರ ಇತ್ತು, ಫೋನು ಇರಲಿಲ್ಲ. ಮೊಬೈಲಿನ ಜಾಗ ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಹೋಗುವುದಿಲ್ಲ, ಕೆಂಪಕ್ಷರದಲ್ಲಿ ಗದರಿಸುತ್ತದೆ. ಹಾಡಿಯಲ್ಲಿ ಯಾರದಾದ್ರೂ ನಂಬರ್ ಕೊಡಿ ಅಂದಳು. ಅಂಗಡಿಯವ್ರ ಹತ್ರ ಐತೆ ಮೇಡಂ, ಬಾಯಲ್ಲಿ ಬರಲ್ಲ, ಅಂದಳು ಕಾಳಿ. ನಂಬರ್ ಇಲ್ದೋರ ಅರ್ಜಿ ವಾಪಸ್ ಕಳ್ಸು, ಒಳಗಿನಿಂದ ರುದ್ರಸ್ವಾಮಿ. ವಾಪಸ್ ಹೋದರೆ ಮತ್ತೆ ಆರು ಗಂಟೆಯ ಬಸ್ಸು, ನಾಳೆ ದಾಖಲಾತಿಯೇ ಇಲ್ಲ, ಅವಳು ತನ್ನ ಎರಡನೇ ಸಿಮ್ಮಿನ ನಂಬರು ಹಾಕಿಬಿಟ್ಟಳು, ಬಸ್ ಸ್ಟ್ಯಾಂಡಿನಲ್ಲಿ ಕೊಡೆ ನೆಟ್ಟು ಕೂತವರು ಪುಕ್ಕಟೆ ಕೊಟ್ಟ ಸಿಮ್ಮು, ಕಾಳಿಗೂ ಅದೇ, ಚಿಕ್ಕಮಾದನಿಗೂ ಅದೇ, ಏನಾದರೂ ಮೆಸೇಜು ಬಂದರೆ ಕರೆದು ಹೇಳಿದರಾಯಿತು ಎಂದುಕೊಂಡು. ಎರಡು ತಿಂಗಳು ಹೇಳಿದಳು ಕೂಡ. ಆಮೇಲೆ ಆ ಸಿಮ್ಮಿಗೆ ಕರೆನ್ಸಿ ಹಾಕಲಿಲ್ಲ, ಅದು ಸತ್ತುಹೋಯಿತು, ಕಂಪನಿಯವರು ಅದನ್ನು ಬೇರೆ ಯಾರಿಗೋ ಕೊಟ್ಟರು, ಸತ್ತವರ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ಹಾಗೆ. ಒಳ್ಳೆಯದನ್ನೇ ಮಾಡಿದ್ದೆ ಎಂದು ಈಗಲೂ ಅನಿಸುತ್ತದೆ, ಅರ್ಧ ಮಾಡಿದ್ದೆ ಎಂದೂ ಅನಿಸುತ್ತದೆ. ಖಾತೆಯ ನಂಬರು ಬದಲಾಯಿಸಬಹುದು, ಅದಕ್ಕೂ ಹಳೆಯ ನಂಬರಿಗೇ ಓಟಿಪಿ ಬರುತ್ತದೆ, ಇಲ್ಲವೇ ಅರ್ಜಿ ಕೊಟ್ಟು ಇಪ್ಪತ್ತೊಂದು ದಿನ ಕಾಯಬೇಕು.

ಆ ನಂಬರಿಗೆ ತಾನೇ ಫೋನ್ ಮಾಡಿದ್ದು ಹನ್ನೊಂದು ಗಂಟೆಗೆ, ತನ್ನದಾಗಿದ್ದ, ಮೂರು ಎಂಟರಲ್ಲಿ ಮುಗಿಯುವ ನಂಬರಿಗೆ. ಯಾರವ್ವ, ಮುದುಕಿಯ ದನಿ. ರೂಪಶ್ರೀ ಹುಡುಗಿಯ ಹೆಸರೊಂದು ಬಿಟ್ಟು ಎಲ್ಲ ವಿವರಿಸಿದಳು, ಅಜ್ಜಿ, ಈಗೊಂದು ಮೆಸೇಜ್ ಬರುತ್ತೆ, ಅದರಲ್ಲಿ ಆರು ಅಂಕಿ ಇರುತ್ತೆ, ಓದಿ ಹೇಳ್ತೀರಾ. ಓಟಿಪಿನಾ, ಅಂದಳು ಮುದುಕಿ, ದನಿ ಗಟ್ಟಿಯಾಯಿತು, ಓಟಿಪಿ ಕೇಳೋರೆಲ್ಲ ಕಳ್ಳರು ಕಣವ್ವ, ನಮ್ ಮೊಮ್ಮಗ್ಳು ಯೋಳವ್ಳೆ, ದ್ಯಾವ್ರೇ ಬಂದ್ ಕೇಳುದ್ರೂ ಯೋಳ್ಬ್ಯಾಡ ಅಂತ. ನಾನು ಕಳ್ಳಿ ಅಲ್ಲ ಅಜ್ಜಿ. ಕಳ್ಳರು ಕಳ್ಳರು ಅಂತ ಯೋಳ್ಕಂಡ್ ಬತ್ತಾರಾ, ನೀನು ಸಾಚಾ ಆದ್ರೆ ಮನೆ ಗಂಟ ಬಂದು ಮೊಕ ತೋರ್ಸು, ಕೆ.ಆರ್. ನಗರ, ಅಕ್ಕಿ ಗಿರಣಿ ಹಿಂದ್ಲ ಬೀದಿ, ಚಿಕ್ಕಸಿದ್ದಮ್ಮ ಅನ್ನು, ನಾಯಿನೂ ತೋರುಸ್ತದೆ. ಫೋನ್ ಕಟ್. ಸರಿಯಾಗಿಯೇ ಹೇಳಿದಳು ಮುದುಕಿ. ತಾನಾಗಿದ್ದರೂ ಹೇಳುತ್ತಿರಲಿಲ್ಲ.

ತಂಬಾಕಿನ ವಾಸನೆ ಹಿಂದಕ್ಕೆ ಉಳಿದಿದೆ, ನಾಲೆ ಬಂತು, ಗದ್ದೆ ಬಂತು, ಹಸಿರು ಕಣ್ಣಿಗೆ ರಾಚುತ್ತಿದೆ, ಆದರೂ ಮೂಗಿನಲ್ಲಿ ಅದೇ ವಾಸನೆ, ಆ ಕೈ. ಹೋದ ವರ್ಷ, ಇದೇ ಕಾಲ, ಎಲೆ ಮುರಿಯುವ ಕೂಲಿಗೆ ಪಿರಿಯಾಪಟ್ಟಣದ ಕಡೆ ಹೋಗಿದ್ದ ಚಿಕ್ಕಮಾದ ಅಲ್ಲಿಂದಲೇ ನೇರ ಕಾಲೇಜಿಗೆ ಬಂದಿದ್ದ, ಹಾಲ್ ಟಿಕೆಟ್ ಮೇಡಂ, ಅಂದ. ನೀನು ಪರೀಕ್ಷೆಗೆ ಅರ್ಜಿನೇ ಹಾಕಿಲ್ವಲ್ಲಪ್ಪ, ಕೊನೇ ದಿನ ಮುಗಿದು ವಾರ ಆಯ್ತು, ಮೆಸೇಜ್ ಬಂದಿರುತ್ತಲ್ಲ, ನೋಡ್ಲಿಲ್ವಾ — ಹಾಗೆಂದವಳು ಅವಳೇ, ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ ನಿಂತಿದ್ದರು, ದನಿ ಏರಿತ್ತು. ಅವನು ಕಿಂಡಿಯೊಳಗೆ ಕೈಯಿಟ್ಟು ಅಂಗೈ ಬಿಚ್ಚಿದ. ಕಪ್ಪು ಅಂಟು, ಗೆರೆಗಳಲ್ಲೆಲ್ಲ ಇಳಿದದ್ದು, ಮಧ್ಯೆ ಏನೂ ಇಲ್ಲ. ಆಮೇಲೆ ಸರಿ ಮೇಡಂ ಅಂತ ಕೈ ತೆಗೆದ, ರಿಜಿಸ್ಟರಿನ ಹಾಳೆ ಅವನ ಬೆರಳಿಗೆ ಅಂಟಿ ಮೇಲೆದ್ದು ಬಿತ್ತು, ಅವಳು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಕಲೆ ಹೋಗಲಿಲ್ಲ. ಕಾಳಿ ಹುಣಸೂರಿನ ಹಾಸ್ಟೆಲಿನಲ್ಲಿದ್ದಳು, ನೋಟಿಸ್ ಬೋರ್ಡು ಓದುತ್ತಿದ್ದಳು, ಅವಳಿಗೆ ಮೆಸೇಜು ಬೇಕಾಗಲಿಲ್ಲ. ಹಾಡಿ ಹುಡುಗ್ರು ಹಿಂಗೇ ಕಣಮ್ಮ, ಅರ್ಧಕ್ಕೆ ಬಿಡ್ತಾರೆ, ಎಂದಿದ್ದರು ರುದ್ರಸ್ವಾಮಿ, ಅವಳೂ ಹೌದು ಸಾರ್ ಎಂದಿದ್ದಳು. ಈಗ ಚಿಕ್ಕಮಾದ ಬೀಚನಹಳ್ಳಿ ಹತ್ತಿರ ಯಾವುದೋ ರೆಸಾರ್ಟಿನಲ್ಲಿ ಗಿಡ ಕತ್ತರಿಸುತ್ತಾನಂತೆ. ಅರ್ಜಿಯ ಕೊನೆಯ ದಿನವನ್ನು ಬೋರ್ಡಿನಲ್ಲಿ ಹಾಕಿದ್ದೆವಲ್ಲ. ಎಲ್ಲರೂ ನೋಡಿದರಲ್ಲ.

ಕೆ.ಆರ್. ನಗರ. ಮೂರೂ ಹತ್ತು. ಗಿರಣಿಯ ಹಿಂದಿನ ಬೀದಿ ಹುಡುಕುವುದು ಕಷ್ಟವಾಗಲಿಲ್ಲ, ತೌಡಿನ ಧೂಳು ದಾರಿ ತೋರಿಸುತ್ತದೆ, ಜಗಲಿಯ ಮೇಲೆ ಮೊರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತವಳೇ ಚಿಕ್ಕಸಿದ್ದಮ್ಮ, ಫೋನಿನ ಕಳ್ಳಿ ನೀನೇನಾ, ಬಾ ಕೂತ್ಕ, ಕಳ್ಳಿ ಆದ್ರೂ ನೀರು ಕುಡಿ. ಚೊಂಬು ಮುಂದಿಟ್ಟು ಮುಖವನ್ನು ನೋಡಿದ್ದೇ ನೋಡಿದ್ದು. ಕಾಲೇಜಿನ ಗುರುತುಚೀಟಿ ತೋರಿಸಿದಳು ರೂಪಶ್ರೀ, ಆಧಾರ್ ತೋರಿಸಿದಳು, ಹುಡುಗಿ ಇವಳೇ ಎಂದಷ್ಟೇ ಹೇಳಿ ಕಾಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಕೊಟ್ಟಳು. ನೀನೇನವ್ವ ಕಾಳಿ, ಅಂದಳು ಮುದುಕಿ ಫೋನಿಗೆ ಜೋರಾಗಿ, ಪಾಸಾದ್ಯಾ, ಆದೆ ಅಜ್ಜಿ, ಎಷ್ಟರಲ್ಲಿ, ಫಸ್ಟ್ ಕ್ಲಾಸ್ ಅಜ್ಜಿ, ಅಂಗಾರೆ ಸರಿ ಬುಡು. ರೂಪಶ್ರೀಗೆ ಅರ್ಥವಾಗಲಿಲ್ಲ. ಇವಳಿಗೆ ಕಾಳಿ ಹೇಗೆ ಗೊತ್ತು. ಕೇಳಲು ಹೊತ್ತಿಲ್ಲ. ಕಾಳಿ, ಒತ್ತು. ಒತ್ತಿದೆ ಮೇಡಂ. ಓಟಿಪಿಗೆ ಹತ್ತು ನಿಮಿಷದ ಅವಧಿ. ಬೆಳ್ಳುಳ್ಳಿ ಸಿಪ್ಪೆಯ ನಡುವೆ ಇದ್ದ ಗುಂಡಿ ಫೋನು ಕುಂಯ್ ಎಂದಿತು. ಮುದುಕಿ ಎತ್ತಿ ಪರದೆಯನ್ನು ತನ್ನ ಕಡೆಗೇ ಹಿಡಿದುಕೊಂಡಳು. ಹೇಳಿ ಅಜ್ಜಿ. ಯೋಳಾಕಿಲ್ಲ ಅಂತ ಅನುಶ್ರೀಗೆ ಮಾತ್ ಕೊಟ್ಟಿವ್ನಿ, ನಮ್ ಮೊಮ್ಮಗ್ಳಿಗೆ. ಅಜ್ಜೀ — ಯೋಳಾಕಿಲ್ಲ ಅಂದೆ ಕಣ್ ತಾಯಿ, ತೋರ್ಸಾಕಿಲ್ಲ ಅಂದ್ನಾ. ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದಳು, ತನ್ನ ಮುಖ ಆಚೆ ಮಾಡಿಕೊಂಡಳು.

ಆರು ಅಂಕಿ. ಓದಿದಳು, ಮತ್ತೊಮ್ಮೆ ಓದಿದಳು, ಕಾಳಿ ತಿರುಗಿ ಹೇಳಿದಳು. ಸುತ್ತುತ್ತಿದೆ ಮೇಡಂ. ಇನ್ನೂ ಸುತ್ತುತ್ತಿದೆ. ಗಿರಣಿಯ ಸದ್ದು, ಎಲ್ಲೋ ಕುಕ್ಕರು. ಬಂತು ಮೇಡಂ, ದಾಟಿದೆ ಅಂತ ಬಂತು, ಹಸಿರು ಗುರುತು, ಇಲ್ಲಿಯವರೂ ನೋಡಿದ್ರು, ಸೀಟು ಸರಿ ಅಂದ್ರು. ಹೊಸ ನಂಬರ್ ಕೇಳ್ತೈತೆ ಮೇಡಂ. ನಿನ್ನದೇ ಹಾಕು, ಅಂದಳು ರೂಪಶ್ರೀ, ನಿಧಾನಕ್ಕೆ ಹಾಕು, ಎರಡು ಸಲ ನೋಡು, ಆಮೇಲೆ ಕಣ್ಣು ಮುಚ್ಚಿಕೊಂಡು, ಕಾಳಿ, ಅವತ್ತು ನೀನು ತಪ್ಪು ಹೇಳಿರಲಿಲ್ಲ, ಹಾಕಿದ್ದು ನಾನು, ನನ್ನ ಸಿಮ್ಮು. ಗೊತ್ತು ಮೇಡಂ, ಅಂದಳು ಕಾಳಿ, ನೀವು ಹಾಕದೆ ಇದ್ದಿದ್ರೆ ಅವತ್ತೇ ವಾಪಸ್ ಹೋಗ್ತಿದ್ವಿ. ಗೊತ್ತಿದ್ದೂ ಸಾರಿ ಕೇಳಿದಳು. ಮೂರೂ ಮುಕ್ಕಾಲು. ನೀರು ಕುಡಿದಳು, ಚೊಂಬಿನ ನೀರು ಪೂರ್ತಿ.

ಅಜ್ಜಿ, ನಿಮಗೆ ಕಾಳಿ ಹೆಸರು ಹೇಗೆ ಗೊತ್ತು. ಗೊತ್ತಿಲ್ದೆ ಏನವ್ವ, ಈ ಫೋನು ಕೊಡ್ಸಿದ್ ವರ್ಸದಿಂದ ಬತ್ತಾನೆ ಅವೆ, ಅನುಶ್ರೀ ಓದ್ತಾಳೆ, ಯಾರ್ದೋ ಐತೆ ಅಳಿಸಾಕ್ತೀನಿ ಅಜ್ಜಿ ಅಂದ್ಲು, ಬ್ಯಾಡ ಕಣ್ಲೇ ಅಂದೆ, ಯಾರ್ದೋ ಕಾಗ್ದ, ನಾಳೀಕ್ ಕೇಳ್ಕಂಡ್ ಬಂದ್ರೆ ಏನ್ ಕೊಡಾನ. ಒಂದ್ಸಲ ಆ ಕಾಲೇಜ್ಗೆ ಫೋನ್ ಮಾಡ್ಸಿದ್ದೆ, ಎತ್ನಿಲ್ಲ. ಮುದುಕಿ ಬೆಳ್ಳುಳ್ಳಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಅವಳ ಮಡಿಲಿಗೆ ಹಾಕಿದಳು, ಎಲ್ಲ ಅವೆ ನೋಡು, ಆ ಇನ್ನೊಬ್ಬಂದೂ ಅವೆ, ಚಿಕ್ಕಮಾದ, ಅವುನ್ದೂ ಕೇಳ್ಕಂಡ್ ಬಂದ್ಯಾ, ಅವ್ನೂ ಪಾಸಾದ್ನಾ.

ಸಣ್ಣ ಪರದೆ, ಇಂಗ್ಲಿಷ್ ಅಕ್ಷರ, ಒಂದೊಂದೇ ಕೆಳಗೆ ಒತ್ತಬೇಕು. ಕಾಳಿ, ಕಾಳಿ. ಕಾಳಿ. ಆಮೇಲೆ ಹೋದ ವರ್ಷ. ಪ್ರಿಯ ಚಿಕ್ಕಮಾದ, ನಾಲ್ಕನೇ ಸೆಮಿಸ್ಟರ್ ಪರೀಕ್ಷೆಗೆ ಅರ್ಜಿ ಹಾಕಲು ಇನ್ನು ಏಳು ದಿನ. ಪ್ರಿಯ ಚಿಕ್ಕಮಾದ, ಇನ್ನು ಮೂರು ದಿನ. ಪ್ರಿಯ ಚಿಕ್ಕಮಾದ, ಇಂದು ಕೊನೆಯ ದಿನ. ಮೆಸೇಜು ಹೋಗಿತ್ತು, ಅವಳು ಹೇಳಿದ್ದು ಸುಳ್ಳಲ್ಲ, ಹೋಗಿತ್ತು, ಮೂರು ಸಲ, ಅವಳು ಕೊಟ್ಟ ನಂಬರಿಗೆ. ನಾಲ್ಕಾಗುತ್ತಿದೆ, ಐದಕ್ಕೆ ಅವನ ಖಾತೆಯೂ ಮುಚ್ಚುತ್ತದೆ, ಅದರಲ್ಲಿ ಮೂರು ಸೆಮಿಸ್ಟರಿನ ಅಂಕ, ಮೂರೂ ಪಾಸು, ದಾಟಿಸಿಟ್ಟರೆ ಮುಂದೆಂದಾದರೂ ಓದಬಹುದು, ಪಾಸ್‌ವರ್ಡು ಅವನಿಗೆ ಗೊತ್ತು, ಓಟಿಪಿ ಇಲ್ಲಿ ಮಡಿಲಿಗೆ ಬರುತ್ತದೆ, ಬಂದು ಬೀಳುತ್ತದೆ, ಅವನೊಬ್ಬ ಬೇಕು, ಮತ್ತೆ ಫೋನು ಹಚ್ಚಿದಳು, ಕಾಳಿ, ಚಿಕ್ಕಮಾದನ ಹತ್ರ ಈಗ ಫೋನಿದೆಯಾ, ಇಲ್ಲ ಮೇಡಂ, ಅವನು ತಗೊಳ್ಳಲೇ ಇಲ್ಲ, ರೆಸಾರ್ಟಿನವರ ನಂಬರಾದ್ರೂ ಇದೆಯಾ, ಬಾಯಲ್ಲಿ ಬರಲ್ಲ ಮೇಡಂ, ಯಾಕವ್ವ ಬೆವುರ್ತೀಯ, ಅಂದಳು ಮುದುಕಿ, ಅವ್ನು ಪಾಸಾಗ್ನಿಲ್ವಾ, ಮೆಸೇಜ್ ಬಂದಿರುತ್ತಲ್ಲ ನೋಡ್ಲಿಲ್ವಾ ಅಂದಿದ್ದಳು ಅವಳೇ ಅವತ್ತು, ಅವನು ಕೈಯನ್ನು ಕಿಂಡಿಯೊಳಗೆ ಇಟ್ಟ, ಬಿಚ್ಚಿದ, ಗೆರೆಗಳಲ್ಲೆಲ್ಲ ಕಪ್ಪು ಅಂಟು, ಅವಳು ಹಾಳೆ ನೋಡಿದಳು, ಹಾಳೆ ಕೊಳೆಯಾಗುತ್ತದೆಂದು, ಕೈಯನ್ನು ನೋಡಲಿಲ್ಲ — ಬಿಚ್ಚಿದ ಕೈ — ಮಧ್ಯೆ ಏನೂ ಇಲ್ಲದ್ದು —