ನೆಲ್ಲಿಕಾಯಿ ಡಬ್ಬಿ

ಸ್ಕ್ಯಾನಿಂಗ್ ಪರದೆಯ ಮೇಲೆ ಕೂಸಿನ ಆಕಾರವಿತ್ತು, ಎದೆಬಡಿತವಿರಲಿಲ್ಲ. ಡಾಕ್ಟರಮ್ಮ ಇನ್ನೊಮ್ಮೆ ನೋಡಿ, ಇದೂ ನಿಲ್ಲಲಿಲ್ಲಮ್ಮ ಎಂದರು. ರಾಜಶ್ರೀಗೆ ನಾಲ್ಕು ತಿಂಗಳು ತುಂಬಿತ್ತು. ಇದು ಮೂರನೆಯ ಬಸಿರು. ಸೊಸೆಯ ಕಾಲ ಬಳಿ ನಿಂತಿದ್ದ ನೀಲಗಂಗಮ್ಮ ಸೆರಗಿನೊಳಗಿನ ಸ್ಟೀಲ್ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಳು. ಜೇನಿನಲ್ಲಿ ನೆನೆಸಿದ ನೆಲ್ಲಿಕಾಯಿ; ಪರೀಕ್ಷೆ ಮುಗಿದ ಕೂಡಲೇ ಸೊಸೆಯ ಬಾಯಿಗೆ ಹಾಕಲೆಂದು ತಂದದ್ದು.

ಆ ನೆಲ್ಲಿಕಾಯಿಯನ್ನು ಅವಳು ವ್ರತದಂತೆ ನಡೆಸಿಕೊಂಡು ಬಂದಿದ್ದಳು. ಎರಡನೆಯ ಬಸಿರು ಇಳಿದುಹೋದಾಗ ಮಗ ಸಿದ್ದಾರೂಢ ಜಯನಗರದ ಇದೇ ಆಸ್ಪತ್ರೆಯಿಂದ ಬಂದು, ನೆಲ್ಲಿಕಾಯಿ, ದಾಳಿಂಬೆ, ಸೊಪ್ಪು ದಿನಾ ತಿನ್ನಬೇಕಂತೆ ಎಂದಷ್ಟೇ ಹೇಳಿದ್ದ. ಯಾರು ತಿನ್ನಬೇಕೆಂದು ಅವಳು ಕೇಳಲಿಲ್ಲ. ಬಸಿರು ನಿಲ್ಲದಿದ್ದರೆ ಮದ್ದು ಹೆಂಗಸಿಗಲ್ಲದೆ ಮತ್ತಾರಿಗೆ? ಗದಗಿನಿಂದ ಬಿಟಿಎಂನಲ್ಲಿದ್ದ ಮಗನ ಬಾಡಿಗೆ ಮನೆಗೆ ಬಂದು ಉಳಿದಳು. ಮಡಿವಾಳದ ಮಾರುಕಟ್ಟೆಯಲ್ಲಿ ಕಾಯಿ ಆರಿಸಿ ತಂದು, ದಿನವೂ ಲಿಂಗಪೂಜೆ ಮುಗಿಸಿ ವಿಭೂತಿಯ ಕೈಯಿಂದಲೇ ಸೊಸೆಗೆ ತಿನ್ನಿಸುತ್ತಿದ್ದಳು. ಹುಳಿಗೆ ರಾಜಶ್ರೀ ಕಣ್ಣು ಮುಚ್ಚಿದರೆ, "ಬರೇ ಚಾ ಕುಡದು ಕುಡದು ಹೊಟ್ಟಿ ಹಂಗ ಆಗೇತಿ. ತಿನ್ನವಾ" ಎಂದು ಚುಚ್ಚುತ್ತಿದ್ದಳು. ಸೊಸೆ ನುಂಗುತ್ತಿದ್ದಳು. ಮಗ ಎದುರಿಗೇ ಕೂತು ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಹೊರಡುತ್ತಿದ್ದ. ಅಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ.

ಡಾಕ್ಟರಮ್ಮ ಕೈ ತೊಳೆದು, ಬಾಗಿಲ ಬಳಿ ನಿಂತಿದ್ದ ಸಿದ್ದಾರೂಢನತ್ತ ತಿರುಗಿದರು.

"ಆ ಬಣ್ಣದ ಕೆಲಸ ಬಿಟ್ಟಿಲ್ಲ ಅಲ್ವಾ? ನಿಮ್ಮ ವೀರ್ಯದಲ್ಲೇ ಕ್ರೋಮೋಸೋಮ್ ಡ್ಯಾಮೇಜ್ ಇದೆ, ಬಣ್ಣಕ್ಕೆ ಬೆರೆಸೋ ಥಿನ್ನರ್ ಹೊಗೆಯಿಂದ ಇರಬಹುದು ಅಂತ ಅವತ್ತೇ ಹೇಳಿದ್ದೆ. ಹಣ್ಣು, ನೆಲ್ಲಿಕಾಯಿ ಒಂದು ಕಾವಲು ಇದ್ದ ಹಾಗೆ. ಗ್ಯಾರಂಟಿ ಕೊಡಕ್ಕಾಗಲ್ಲ. ಅದನ್ನಾದ್ರೂ ತಿಂದ್ರಾ ನೀವು?"

ಹಾಸಿಗೆಯಿಂದ ರಾಜಶ್ರೀಯ ದನಿ ಬಂತು.

"ತಿಂದಾರ್ರಿ ಮೇಡಂ. ದಿನಾ ತಿಂದಾರ. ನಮ್ಮತ್ತಿ ಕೈಯಾರೆ ಕೊಟ್ಟಾರ."

ನೀಲಗಂಗಮ್ಮ ಸೊಸೆಯ ಮುಖ ನೋಡಿದಳು. ಆ ಕಣ್ಣುಗಳು ಚಾವಣಿಯ ಮೇಲಿದ್ದವು. ಸುಳ್ಳೆಂದರೆ ಸಿಡಿದೇಳುವ ಮುದುಕಿ ಡಬ್ಬಿಯನ್ನು ಸೆರಗಿನೊಳಗೆ ಇನ್ನಷ್ಟು ಸರಿಸಿ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲೇ ಎಲ್ಲ ಮುಗಿಯಿತು. ಕೂಸನ್ನು ಕೊಡಿ, ಮಣ್ಣಿಗಿಡುತ್ತೇವೆ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಮನೆಗೆ ಬಂದ ದಿನ ಸಂಜೆ ನೀಲಗಂಗಮ್ಮ ಮಗನನ್ನು ಅಡುಗೆಮನೆಗೆ ಕರೆದಳು.

"ನನಗ್ಯಾಕ ಹೇಳ್ಲಿಲ್ಲೋ?"

"ನಿನ್ನ ಮುಂದ ಹೆಂಗ ಹೇಳ್ಲಿ ಯವ್ವಾ."

ಅವಳು ಡಬ್ಬಿ ತೆರೆದು ಅವನ ಮುಂದಿಟ್ಟಳು. ಅವನು ಒಂದು ಕಾಯಿ ಬಾಯಿಗಿಟ್ಟು, ಅಗಿಯಲಾರದೆ ಬಹಳ ಹೊತ್ತು ಕೂತಿದ್ದ.

ಅವಳು ಕೋಣೆಗೆ ಹೋಗಿ ಮಂಚದ ಅಂಚಿಗೆ ಕೂತಳು. ಸೊಸೆಯ ಪಾದದ ಮೇಲೆ ಕೈಯಿಟ್ಟಳು. ರಾಜಶ್ರೀ ಮೆಲ್ಲಗೆ ಕಾಲು ಎಳೆದುಕೊಂಡು, "ಬ್ಯಾಡ್ರಿ ಅತ್ತಿ" ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನ ಬೆಳಿಗ್ಗೆ ನೀಲಗಂಗಮ್ಮ ಮಿಂದು ಪೂಜೆಗೆ ಕೂತಳು. ತನ್ನ ಲಿಂಗದ ಪೂಜೆ ಮುಗಿದ ಮೇಲೆ ಟ್ರಂಕಿನಿಂದ ಪುಟ್ಟ ಬಿಳಿ ಬಟ್ಟೆಯ ಗಂಟು ತೆಗೆದಳು. ಎಂಟನೆಯ ತಿಂಗಳಲ್ಲಿ ಗುರುಗಳನ್ನು ಕರೆಸಿ, ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ಕಟ್ಟಿಸಬೇಕೆಂದು ಊರಿನ ಮಠದಿಂದ ತಂದಿದ್ದ ಲಿಂಗ ಅದು. ಎಡ ಅಂಗೈಯಲ್ಲಿ ಅದನ್ನಿಟ್ಟು ನೀರೆರೆದಳು, ವಿಭೂತಿ ಹಚ್ಚಿದಳು, ಒಂದೇ ಒಂದು ಬಿಲ್ವದೆಲೆ ಏರಿಸಿದಳು.

"ಶಿವನೇ, ಇದಕ್ಕ ಹೆಸರಿಲ್ಲ, ಮಣ್ಣಿಲ್ಲ. ಯಾರ ತಪ್ಪೂ ಇದರ ಮ್ಯಾಲ ಹಾಕಬ್ಯಾಡ. ನಿನ್ನ ಮಡಿಲಾಗ ತಣ್ಣಗ ಮಲಗಿಸ್ಕೋ ಎಪ್ಪಾ."

ಅಂಗೈಯ ನೀರು ಬೆರಳ ಸಂದಿನಿಂದ ಇಳಿಯುತ್ತಿತ್ತು. ಅವಳು ಕೈ ಇಳಿಸಲಿಲ್ಲ.