ತಲೆಕೆಳಗಾದ ಅರವತ್ತೊಂದು ಪುಸ್ತಕ

ಗೋಡೆಗೆ ಆನಿಸಿ ಕೂಡಿಸಿದ್ದ ಸಾತಲಿಂಗಪ್ಪನ ತಲೆ ಮತ್ತೊಮ್ಮೆ ಎಡಕ್ಕೆ ವಾಲಿತು. ಗೆಳೆಯ ಅಮೋಗಸಿದ್ಧ ಎದ್ದು ಎರಡೂ ಕೈಯಿಂದ ಅದನ್ನು ನೆಟ್ಟಗೆ ಮಾಡಿ, ಮೊಳೆಗೆ ಕಟ್ಟಿದ್ದ ಬಿಳಿ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದ.

"ಓದಕೋತ ತೂಕಡಸೂಮುಂದ ಹಿಂಗ ವಾಲತಿದ್ದ, ಮಗ. ಸತ್ತರೂ ಚಾಳಿ ಬಿಟ್ಟಿಲ್ಲ ನೋಡ್ರಿ."

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಬಾಯಿಗಿಟ್ಟು ನಕ್ಕರು. ಗುರುಬಾಯಿ ನಗಲಿಲ್ಲ, ಅಳಲೂ ಇಲ್ಲ. ಗಂಡನ ಎಡಗೈಯಲ್ಲಿ ಲಿಂಗವಿತ್ತು. ಬಲಗೈಯ ಕೆಳಗೆ, ತೊಡೆಯ ಮೇಲೆ, ನೀಲಿ ರಟ್ಟಿನ ದಪ್ಪ ವಹಿಯೊಂದಿತ್ತು. ಬೆಳಿಗ್ಗೆ ಬೆರಳು ಇನ್ನೂ ಮೆತ್ತಗಿದ್ದಾಗಲೇ ಆಕೆ ಅದನ್ನು ಅಲ್ಲಿ ಸೇರಿಸಿದ್ದಳು.

ಅಂಗಳದಲ್ಲಿ ಮಗ ಸಿದ್ಧರಾಮ ಸೋಲಾಪುರದ ಬೀಗರಿಗೆ ಮರಾಠಿಯಲ್ಲಿ ಫೋನು ಮಾಡುತ್ತಿದ್ದ. "ಹೋ, ಮಾತಿ ದೋನ್ ವಾಜತಾ ಆಹೇ. ಯಾ ಲವಕರ." ಎರಡಕ್ಕೆ ಮಣ್ಣು, ಬೇಗ ಬನ್ನಿ ಎಂದು. ಈಗ ಹನ್ನೆರಡೂವರೆ.

ಕ್ರಿಯೆ ಮಾಡಿಸಲು ಬಂದ ಅಯ್ಯನವರು ವಹಿಯನ್ನು ಕಂಡು ಹುಬ್ಬು ಗಂಟಿಕ್ಕಿದರು. "ಇದೇನವ್ವ?"

"ಅವರದ ಅದ್ರಿ. ಕುಣಿಯೊಳಗ ಸಂಗಟ ಇಡಬೇಕಂತ ಹೇಳ್ಯಾರ."

"ವಿಭೂತಿ, ಪತ್ರಿ, ಉಪ್ಪು ಬಿಟ್ಟು ಮತ್ತೇನೂ ಇಡೂದಿಲ್ಲ."

"ನಲವತ್ತಾರು ವರ್ಷ ಸಂಸಾರ ಮಾಡಿ ಬಾಯಿ ಬಿಟ್ಟು ಕೇಳಿದ್ದು ಇದೊಂದ. ಇಡ್ರಿ, ಸ್ವಾಮಿ."

ಅಮೋಗಸಿದ್ಧ ನಡುವೆ ಬಾಯಿ ಹಾಕಿದ. "ಅಕ್ಕಲಕೋಟಿ ವಾಚನಾಲಯದ ಪುಸ್ತಕ ಎಲ್ಲಾ ಸರಕಾರದವರು ಆನ್‌ಲೈನ್ ಹಾಕ್ಯಾರಲ್ರಿ, ಅದರಾಗ ನಮ್ಮ ಕನ್ನಡದ ಪುಸ್ತಕ ಅರವತ್ತೊಂದು ಉಲ್ಟಾ ಹಾಕ್ಯಾರ. ಒಂದು ಹಾಳಿ ನೆಟ್ಟಗ, ನಾಕು ಹಾಳಿ ತಲಿಕೆಳಗ. ಯಾವ ಪುಸ್ತಕದಾಗ ಯಾವ ಹಾಳಿ ಹೆಂಗ ಅದ, ಅಷ್ಟೂ ಇದರಾಗ ಬರದಾನ. ಎರಡು ವರ್ಷ."

"ಮತ್ತ ಆಫೀಸಿಗೆ ಕೊಟ್ಟುಬಿಡೂದಲ್ಲಾ?"

"ಏಳು ಅರ್ಜಿ ಕೊಟ್ಟಾನ್ರಿ. ಒಂದಕ್ಕೂ ಜವಾಬಿಲ್ಲ. ಆಮ್ಯಾಲ ಹಟಕ್ಕ ಬಿದ್ದ. ಉಲ್ಟಾ ಹಾಕಿದವರು ಬಂದು, 'ನಾವ ಮಾಡೀವಿ' ಅಂತ ಹೇಳಿ ಕೇಳ್ಲಿ, ಕೊಡತೀನಿ. ಬರಲಿಲ್ಲಂದ್ರ ನನ್ನ ಸಂಗಟ ಮಣ್ಣಾಗ ಇಡ್ರಿ ಅಂದ. ಅವ ಅಂದ್ರ ಅಂದ."

ಹೊಸ್ತಿಲ ಬಳಿ ಕೂತಿದ್ದ ಹುಡುಗಿ ಚೀಲವನ್ನು ಎದೆಗೆ ಒತ್ತಿಕೊಂಡಳು. ಅವಳ ಹೆಸರು ಪ್ರಾಜಕ್ತಾ. ಸೋಲಾಪುರದಿಂದ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಸಾತಲಿಂಗಪ್ಪನ ಊರು ಚಪಳಗಾಂವಕ್ಕೆ ಬಂದಿದ್ದಳು. ಆ ಮನೆಯಲ್ಲಿ ಅವಳು ಹೊಸಬಳಲ್ಲ. ಒಂದು ವರ್ಷದಿಂದ ಪ್ರತಿ ರವಿವಾರ ಬಂದು ಸಾತಲಿಂಗಪ್ಪನ ಹತ್ತಿರ ಕನ್ನಡ ಓದಲು ಕಲಿಯುತ್ತಿದ್ದಳು. ಯಾಕೆ ಕಲಿಯುತ್ತಿದ್ದಾಳೆ ಎಂಬುದನ್ನು ಮಾತ್ರ ಅವನಿಗೂ ಹೇಳಿರಲಿಲ್ಲ.

ಅರವತ್ತೊಂದು ಪುಸ್ತಕವನ್ನು ತಲೆಕೆಳಗೆ ಮಾಡಿದವಳು ಅವಳೇ.

*

ಸಾತಲಿಂಗಪ್ಪನಿಗೆ ಅಕ್ಕಲಕೋಟೆಯ ಆ ಹಳೆಯ ವಾಚನಾಲಯದಲ್ಲಿ ಶಿಪಾಯಿ ನೌಕರಿ ಸಿಕ್ಕಾಗ ಇಪ್ಪತ್ತೆರಡು ವಯಸ್ಸು. ಅಣ್ಣಂದಿರು ಹೊಲ ನೋಡಿಕೊಂಡರು, ಇವನು ಪುಸ್ತಕದ ಧೂಳು ನೋಡಿಕೊಂಡ. ಮುಂದಿನ ಹಾಲಿನಲ್ಲಿ ಮರಾಠಿ ಪುಸ್ತಕಗಳಿಗೆ ಗಾಜಿನ ಕಪಾಟು. ಹಿಂದಿನ ಕೋಣೆಯಲ್ಲಿ, ಮುರಿದ ಕುರ್ಚಿಗಳ ಸಂಗಡ, ಕನ್ನಡದ ಪುಸ್ತಕಗಳು. ಒಂದು ಕಾಲಕ್ಕೆ ಅಲ್ಲಿ ಕನ್ನಡ ಸಾಲೆಗಳಿದ್ದವು, ಸೋಲಾಪುರದ ಗಿರಣಿಯಿಂದ ರಜೆಗೆ ಬಂದವರು ಓದಲು ಕೂಡುತ್ತಿದ್ದರು. ಆಮೇಲೆ ರಾಜ್ಯಗಳ ಗಡಿ ಎಳೆದವರು ಗೆರೆಯ ಯಾವ ಮಗ್ಗುಲಿಗೆ ಯಾರ ನಾಲಿಗೆ ಬಿತ್ತೆಂದು ತಿರುಗಿ ನೋಡಲಿಲ್ಲ. ಓದುವವರು ಕಡಿಮೆಯಾದರು. ಮಾತನಾಡುವವರು ಕಡಿಮೆಯಾಗಲಿಲ್ಲ.

ಸಂತೆಯ ದಿನ ಮಧ್ಯಾಹ್ನ ಸಾತಲಿಂಗಪ್ಪ ಹಿಂದಿನ ಕೋಣೆಯ ಬಾಗಿಲು ತೆರೆದಿಡುತ್ತಿದ್ದ. ಕುರಿ ಮಾರಲು ಬಂದ ಅಮೋಗಸಿದ್ಧ ನೆರಳಿಗೆಂದು ಒಂದು ದಿನ ಪಡಸಾಲೆಯಲ್ಲಿ ಕೂತ. ಒಳಗೆ ಸಾತಲಿಂಗಪ್ಪ ಯಾವುದೋ ಸಣ್ಣಾಟದ ಪುಸ್ತಕವನ್ನು ತನಗೆ ತಾನೇ ದೊಡ್ಡದಾಗಿ ಓದಿಕೊಳ್ಳುತ್ತಿದ್ದ.

"ಏ ತಮ್ಮಾ, ಸ್ವಲ್ಪ ಈ ಕಡಿ ಮಾರಿ ಮಾಡಿ ಓದು. ಅರ್ಧಾ ಮಾತು ಗ್ವಾಡಿ ತಿನ್ನಾಕತ್ತದ."

ಮುಂದಿನ ಸಂತೆಗೆ ಅಮೋಗಸಿದ್ಧ ಕಂಬಳಿ ಹಾಸಿದ. ಅದರ ಮೇಲೆ ಐದು ಜನ ಕೂತರು, ಆಮೇಲೆ ಹದಿನೈದು. ಒಕ್ಕಲಿಗ, ಕುರುಬ, ನೇಕಾರ, ಮಾದರ ಮರೆಪ್ಪ, ಬಳೆ ಮಾರುವ ಲೀಲಾಬಾಯಿ. ಊರಲ್ಲಿ ಒಂದೇ ಬಾವಿಗೆ ಹೋಗದ ಜನ ಒಂದೇ ಕಂಬಳಿಗೆ ಮೊಣಕಾಲು ತಗುಲಿಸಿ ಕೂತು ಕೇಳಿದರು. ಅವರಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆ ಏರಿದಲ್ಲಿ ಸಾತಲಿಂಗಪ್ಪ ಪುಸ್ತಕ ಮುಚ್ಚಿ, "ಇನ್ನ ಮುಂದಿನ ಸಂತಿಗೆ" ಎನ್ನುತ್ತಿದ್ದ. ಬೈಗುಳದ ಮಳೆ ಬೀಳುತ್ತಿತ್ತು. ಆ ಮುಂದಿನದಕ್ಕಾಗಿ ಅಮೋಗಸಿದ್ಧ ಒಂದು ಸಲ ನಂದೇಶ್ವರದ ಕಡೆ ಹೊರಟಿದ್ದ ಹಿಂಡನ್ನೇ ಹಿಂದಕ್ಕೆ ತಿರುಗಿಸಿಕೊಂಡು ಬಂದ.

ವಾಚನಾಲಯದ ಕಮಿಟಿಯ ಸಾಹೇಬರು ಒಮ್ಮೆ ಬಾಗಿಲಲ್ಲಿ ನಿಂತು ಗದರಿದರು. "ನಿನ್ನ ಕೆಲಸ ಧೂಳ ಒರಸೂದು, ಪುರಾಣ ಹೇಳೂದಲ್ಲ."

"ಒರಸಬೇಕಂದ್ರ ತೆರೀಬೇಕಲ್ರಿ ಸಾಹೇಬ್ರ," ಎಂದ ಸಾತಲಿಂಗಪ್ಪ. "ತೆರದ ಮ್ಯಾಲ ಕಣ್ಣು ಸುಮ್ಮ ಕೂಡೂದಿಲ್ರಿ."

ಮೂವತ್ತಾರು ವರ್ಷ ಹಾಗೇ ಒರೆಸಿದ.

*

ನಿವೃತ್ತನಾದ ಮೇಲೆ ಒಂದು ದಿನ ಮೊಮ್ಮಗಳು ಕಾಜಲ ಸಾಲೆಯಿಂದ ಟ್ಯಾಬ್ ತಂದಳು. "ಮುತ್ಯಾ, ನಿನ್ನ ವಾಚನಾಲಯ ಇದರಾಗ ಬಂದದ."

ಸಾತಲಿಂಗಪ್ಪ ಕನ್ನಡಕ ಏರಿಸಿದ. ಮರಾಠಿಯ ಪುಸ್ತಕಗಳು ಸಾಲಾಗಿ, ಚಂದಾಗಿ ನಿಂತಿದ್ದವು. ಕನ್ನಡ ಎಂಬ ಹೆಸರು ಎಲ್ಲೂ ಇರಲಿಲ್ಲ. ಭಾಷೆಯ ಕಾಲಮ್ಮಿನಲ್ಲಿ ಕೊನೆಗೆ 'ಇತರ' ಎಂದಿತ್ತು. ಅದನ್ನು ಒತ್ತಿದರೆ ಇತರ ಒಂದು, ಇತರ ಎರಡು, ಇತರ ಮೂರು. ಒಂದನ್ನು ತೆರೆದ. ಅಕ್ಷರಗಳು ಬಾವಲಿಗಳ ಹಾಗೆ ಕಾಲು ಮೇಲೆ ಮಾಡಿ ತೂಗುತ್ತಿದ್ದವು.

ಟ್ಯಾಬನ್ನು ತಿರುಗಿಸಿದ. ಅದರೊಳಗಿನ ಪುಟವೂ ತಿರುಗಿ ಮತ್ತೆ ತಲೆಕೆಳಗಾಯಿತು. ಇನ್ನೊಮ್ಮೆ ತಿರುಗಿಸಿದ, ಅದೂ ತಿರುಗಿತು.

"ಇದು ನನ್ನ ಸಂಗಟ ಹಟ ಮಾಡತದಲ್ಲ!"

ಕೊನೆಗೆ ಅದನ್ನು ಮೇಜಿನ ಮೇಲೆ ಮಲಗಿಸಿದ. ಮಲಗಿಸಿದರೆ ಅದು ತಿರುಗುತ್ತಿರಲಿಲ್ಲ. ಆಗ ತಾನೇ ಎದ್ದು ಮೇಜಿನ ಆ ಕಡೆಗೆ ಹೋಗಿ ನಿಂತು ಓದಿದ. ಮುಂದಿನ ಪುಟ ನೆಟ್ಟಗಿದ್ದರೆ ಮತ್ತೆ ಈ ಕಡೆಗೆ ಬಂದ. ಎರಡು ವರ್ಷ ಹೀಗೆ ಮೇಜು ಸುತ್ತಿದ. ಗುರುಬಾಯಿ ಬೆಲ್ಲದ ಚಹಾ ಹಿಡಿದುಕೊಂಡು, "ಯಾವ ಕಡಿ ಇಡ್ಲಿ?" ಎಂದು ಕೇಳುತ್ತಿದ್ದಳು.

ವಾಚನಾಲಯದ ಹಿಂದಿನ ಕೋಣೆಯನ್ನು ಅಷ್ಟರಲ್ಲಿ ಕೆಡವಿದ್ದರು. ಪುಸ್ತಕಗಳನ್ನು ಗೋಣಿಯಲ್ಲಿ ತುಂಬಿ ಒಂದು ಗೋದಾಮಿಗೆ ಒಗೆದಿದ್ದರು. ಸಾತಲಿಂಗಪ್ಪ ಹೋಗಿ ನೋಡಿದಾಗ ಗೋಣಿಯೊಳಗೆ ಗೆದ್ದಲು ಮತ್ತು ಮಣ್ಣಿತ್ತು. ಹಾಗಾಗಿ ಉಳಿದದ್ದು ಅಷ್ಟೇ, ಆ ತಲೆಕೆಳಗಾದ ಪುಟಗಳು.

ಪ್ರಾಜಕ್ತಾ ಪುಸ್ತಕಗಳನ್ನು ಆನ್‌ಲೈನ್ ಹಾಕುವ ಕೆಲಸ ಹಿಡಿದ ಗುತ್ತಿಗೆದಾರನ ಹತ್ತಿರ ಆಪರೇಟರ್ ಆಗಿದ್ದಳು. ಮನೆಯಲ್ಲಿ ಅವ್ವನ ಸಂಗಡ ಕನ್ನಡ, ಸಾಲೆಯಲ್ಲೂ ಕಾಲೇಜಿನಲ್ಲೂ ಮರಾಠಿ. ಕ್ಯಾಮೆರಾದ ಕೆಳಗೆ ಪುಸ್ತಕ ಹಿಡಿದು ದಿನಕ್ಕೆ ಸಾವಿರ ಪುಟ ಮುಗಿಸಬೇಕಿತ್ತು. ರಟ್ಟು ಕಿತ್ತ, ಹಾಳೆ ಬಿಡಿಬಿಡಿಯಾದ, ಸಂಖ್ಯೆಯೂ ಕನ್ನಡದಲ್ಲಿದ್ದ ಆ ಪುಸ್ತಕಗಳಲ್ಲಿ ಯಾವುದು ಮೇಲು ಯಾವುದು ಕೆಳಗೆ ಎಂಬುದು ಅವಳಿಗೆ ತಿಳಿಯಲಿಲ್ಲ. ಕೇಳಲು ನಾಚಿಕೆ. ಕೈಗೆ ಹೇಗೆ ಬಂತೋ ಹಾಗೆ ಹಿಡಿದಳು. ಏಳನೆಯ ಅರ್ಜಿ ಆಫೀಸಿಗೆ ಬಂದ ದಿನ, ಮರಾಠಿಯಲ್ಲಿದ್ದ ಅದನ್ನು ಓದಿದ ಸಾಹೇಬರು ನಕ್ಕು ಬದಿಗಿಟ್ಟರು. ಅವಳು ಕೆಳಗೆ ಬರೆದ ವಿಳಾಸವನ್ನು ಕೈಮೇಲೆ ಬರೆದುಕೊಂಡಳು.

ಮೊದಲ ರವಿವಾರ ಸಾತಲಿಂಗಪ್ಪ ಅವಳಿಗೆ ಹೇಳಿದ್ದು ಇಷ್ಟೇ: "ಕನ್ನಡದ ಅಕ್ಷರ ತಲಿಮ್ಯಾಲ ಪಟಗಾ ಸುತ್ತಿರತಾವ ನೋಡವ್ವ. ಪಟಗಾ ಯಾವ ಕಡಿಯೋ ಅದ ಮ್ಯಾಲ."

ತಲೆಕಟ್ಟು ನೋಡಿದರೆ ಸಾಕು, ಅಷ್ಟು ಸುಲಭವಿತ್ತು. ಅವತ್ತೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಗುರುಬಾಯಿ ಊಟಕ್ಕೆ ಕರೆದಳು. ಆಮೇಲೆ ಐವತ್ತು ರವಿವಾರ ಹೀಗೇ ಊಟದಲ್ಲಿ ಮುಗಿದವು.

*

ಒಂದೂವರೆಗೆ ಅಂಗಳದಲ್ಲಿ ಹೆಣ ಕೂಡಿಸಿ ಒಯ್ಯುವ, ಹೂವು ಕಟ್ಟಿದ ವಿಮಾನ ಬಂದು ನಿಂತಿತು. ಅಯ್ಯನವರು, "ಎತ್ರಿ ಇನ್ನ," ಎಂದರು. ಸಿದ್ಧರಾಮ ಅಪ್ಪನ ಕಂಕುಳಿಗೆ ಕೈ ಹಾಕಲು ಬಗ್ಗಿದ.

"ತಡೀರಿ ಮಾಮಾ."

ಎಲ್ಲರೂ ಹೊಸ್ತಿಲ ಕಡೆ ನೋಡಿದರು. ಪ್ರಾಜಕ್ತಾ ಎದ್ದು ನಿಂತಿದ್ದಳು. "ಆ ವಹಿ ನನಗ ಬೇಕ್ರಿ, ಆಯಿ."

"ನಿನಗ್ಯಾಕ?" ಎಂದಳು ಗುರುಬಾಯಿ.

"ಓದಾಕ ಬರಲಾರದ ಪುಸ್ತಕ ಎಲ್ಲಾ ನಾಳಿ ಸಂಜಿಗಿ ಆನ್‌ಲೈನಿಂದ ತಗದು ಹಾಕತಾರ. ಅಷ್ಟರೊಳಗ ದುರುಸ್ತ ಮಾಡಿದ್ರ ಉಳೀತಾವ, ಒಂದೊಂದ ಹಾಳಿ ತಗದು ನೋಡಾಕ ಹೊತ್ತಿಲ್ರಿ."

"ಸಾಯೂಕಿಂತ ಮದಲ ಹೇಳ್ಯಾರವ್ವ ಅವರು. ಕೇಳಬೇಕಾದವರು ಬ್ಯಾರೆ, ನೀ ಬ್ಯಾರೆ."

"ಬ್ಯಾರೆ ಅಲ್ರಿ." ಅವಳು ಒಂದು ಹೆಜ್ಜೆ ಮುಂದಿಟ್ಟಳು. "ನಾನ ಮಾಡೀನಿ. ಅಷ್ಟೂ ಉಲ್ಟಾ ಹಿಡದಾಕಿ ನಾನ ರೀ ಆಯಿ."

ಅಂಗಳದಲ್ಲಿ ನಡೆದಿದ್ದ ಭಜನೆಯ ತಾಳ ನಿಂತಿತು. ಸಿದ್ಧರಾಮ ನೆಟ್ಟಗಾದ. "ಏನಂದಿ? ವರ್ಷಗಟ್ಟಲೆ ನಮ್ಮ ಮನಿಯಾಗ ಉಂಡು, ನಮ್ಮಪ್ಪ ಮೇಜ ಸುತ್ತೂದು ನೋಡಕೋತ ಕುಂತಿದ್ದೇನು? ಹೊರಗ ನಡಿ ಮದಲ!"

"ಸಿದ್ಯಾ, ಸುಮ್ಮಿರು," ಎಂದಳು ಗುರುಬಾಯಿ. ಅವಳ ಕಣ್ಣು ಹುಡುಗಿಯ ಮೇಲಿಂದ ಕದಲಲಿಲ್ಲ. "ನನಗ್ಯಾಕ ಹೇಳತಿ? ಅವರಿಗೆ ಹೇಳು. ದಾರಿ ನೋಡಿದವರು ಅವರು."

ಪ್ರಾಜಕ್ತಾ ಹೋಗಿ ಸಾತಲಿಂಗಪ್ಪನ ಎದುರಿಗೆ ಮೊಣಕಾಲೂರಿದಳು. ವಿಭೂತಿ ಬಳಿದ ಆ ಮುಖದಲ್ಲಿ ಕಣ್ಣು ಅರೆ ತೆರೆದಿದ್ದವು. "ಮುತ್ಯಾ," ಎಂದಳು. "ನಾನ ಮಾಡೀನಿ ಮುತ್ಯಾ. ನನಗ ಓದಾಕ ಬರತಿದ್ದಿಲ್ಲ. ನಮ್ಮವ್ವನ ಮಾತು ನನಗ ಓದಾಕ ಬರೂದಿಲ್ಲಂತ ಹೇಳಾಕ ನಾಚಿಗಿ ಬಂತು. ವಹಿ ಕೊಡ್ರಿ."

ಗುರುಬಾಯಿ ವಹಿಯ ಅಂಚು ಹಿಡಿದು ಎಳೆದಳು. ಅದು ಬರಲಿಲ್ಲ. ಬೆರಳುಗಳು ಸೆಟೆದು ರಟ್ಟನ್ನು ಕಚ್ಚಿದ್ದವು. ಸಿದ್ಧರಾಮ, "ನೋಡವ್ವ, ಬಿಡವಲ್ಲ," ಎಂದ.

ಅಮೋಗಸಿದ್ಧ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಗೆಳೆಯನ ಬೆರಳನ್ನು ತನ್ನ ಎರಡು ಅಂಗೈಯ ನಡುವೆ ಹಿಡಿದು, ಚಳಿಗೆ ಬಿದ್ದ ಮರಿಯ ಕಾಲು ತಿಕ್ಕುವ ಹಾಗೆ ಮೆಲ್ಲಗೆ ತಿಕ್ಕಿದ. "ಬಿಡೋ ಸಾತ್ಯಾ. ಬಂದಾಳಲ್ಲ, ಕೇಳ್ಯಾಳಲ್ಲ. ಇನ್ನೂ ಮುಂದಿನ ಸಂತಿಗೆ ಅಂತಿಯೇನು?" ಒಂದೊಂದೇ ಬೆರಳು ಎದ್ದವು.

ಗುರುಬಾಯಿ ವಹಿಯನ್ನು ಹುಡುಗಿಯ ಮಡಿಲಿಗೆ ಹಾಕಿದಳು. "ಓದು."

"ಈಗೇನ್ರಿ?"

"ಈಗ. ಇಷ್ಟು ಮಂದಿ ಮುಂದ. ಬರತದೋ ಇಲ್ಲೋ ಅವರೂ ಕೇಳ್ಲಿ."

ಪ್ರಾಜಕ್ತಾ ನಡುವೆ ಎಲ್ಲೋ ತೆರೆದಳು. ಸಣ್ಣ, ದುಂಡು ಅಕ್ಷರ. ಬೆರಳಿಟ್ಟು ಒಂದೊಂದಾಗಿ ಓದಿದಳು. "ಕುರಿಗಳ ರೋ… ರೋಗಕ್ಕೆ ಔಷಧದ ಪುಸ್ತಕ. ಪುಟ ಮೂವತ್ತೈದು, ನೆಟ್ಟಗೆ. ಮೂವತ್ತಾರು, ನೆಟ್ಟಗೆ. ಮೂವತ್ತೇಳು, ಉಲ್ಟಾ. ಇದರಲ್ಲಿ ಒಂದು… ಹೆಬ್ಬೆರಳು ಬಿದ್ದಿದೆ." ಅವಳು ನಿಂತಳು.

"ಮುಂದಕ್ಕ ಓದು," ಎಂದ ಅಮೋಗಸಿದ್ಧ.

"ಉಗುರಿಗೆ ಮೆಹಂದಿ. ಯಾರ ಮನೆಯ ಮಗಳೋ. ದಿನವೆಲ್ಲ ನಿಂತು ಹಿಡಿದಿದ್ದಾಳೆ, ಕಾಲು ಸೋತಿರಬೇಕು. ಪುಟ ತಿರುಗಿಸಿರಿ. ಬೆರಳು ಅಳಿಸಬಾರದು."

ಗುರುಬಾಯಿಯ ಗಂಟಲಿನಿಂದ ಏನೋ ಒಂದು ಹೊರಬಂತು, ಮೊದಲು ನಗುವಿನ ಹಾಗೆ ಕೇಳಿಸಿತು. ಬೆಳಗಿನಿಂದ ಅಳದ ಆಕೆ ಗಂಡನ ಬರಿದಾದ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಸಿದ್ಧರಾಮ ಕೈ ಕಟ್ಟಿಕೊಂಡು ನಿಂತಿದ್ದ. ಅವನೂ ಸಾಲೆಯಲ್ಲಿ ಮರಾಠಿ ಕಲಿತವನು. ಅಪ್ಪನ ವಹಿಯ ಒಂದು ಸಾಲೂ ಅವನಿಗೆ ಓದಲು ಬರುತ್ತಿರಲಿಲ್ಲ.

*

ಮಣ್ಣು ಕೊಟ್ಟು ಬಂದವರು ಅಂಗಳದಲ್ಲಿ ಕಾಲು ತೊಳೆದು, ಸಾತಲಿಂಗಪ್ಪ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಒಬ್ಬೊಬ್ಬರಾಗಿ ಹೋದರು. ಪ್ರಾಜಕ್ತಾ ಮೂಲೆಯಲ್ಲಿ ಚೀಲದೊಳಗಿನ ಆಫೀಸಿನ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಸಿದ್ಧರಾಮ ಬಂದು, ತನ್ನ ಫೋನಿನ ಇಂಟರ್ನೆಟ್ ಜೋಡಿಸಿಕೊಟ್ಟು, ವಹಿ ಮುಚ್ಚಿಕೊಳ್ಳದಂತೆ ಒಂದು ತುದಿಯನ್ನು ಹಿಡಿದು ಕೂತ. ಅವಳು ಓದಿ ತಿರುಗಿಸುತ್ತ ಹೋದಳು. ಒಂದು ಪುಸ್ತಕ, ಎರಡು, ಐದು. ಹೆಸರಿನ ಜಾಗದಲ್ಲಿ 'ಇತರ' ಇದ್ದದ್ದನ್ನು ಅಳಿಸಿ ಕನ್ನಡದಲ್ಲಿ ಹೆಸರು ಹಾಕಿದಳು.

ಅಮೋಗಸಿದ್ಧ ದೀಪ ನೋಡಿದ. ಮನೆಗೆ ಹೋಗಲಿಲ್ಲ. ಗೋಡೆಗೆ ಒರಗಿ ಕೂತ. "ಆ ಕುರಿ ಪುಸ್ತಕ ಬಂತೇನವ್ವ?"

"ಬಂತು ನೋಡ್ರಿ ಮುತ್ಯಾ."

ಮೂವತ್ತೇಳನೆಯ ಪುಟ. ಕೆಳಗಿನ ಅಂಚಿನಿಂದ ಅವಳ ಹೆಬ್ಬೆರಳು ಒಳಗೆ ಬಂದಿತ್ತು, ಅಕ್ಕನ ಮದುವೆಯ ಮೆಹಂದಿಯ ಕೆಂಪು ಸಮೇತ. ಬೆರಳನ್ನು ಅಳಿಸಲೇ ಎಂದು ಕಂಪ್ಯೂಟರು ತಾನಾಗಿಯೇ ಕೇಳಿತು. ಅವಳು ಬೇಡವೆಂದು ಒತ್ತಿ, ಪುಟವನ್ನು ತಿರುಗಿಸಿದಳು.

ಅಕ್ಷರಗಳು ಎದ್ದು ನಿಂತವು. ಹೆಬ್ಬೆರಳು ಈಗ ಮೇಲಿನ ಅಂಚಿಗೆ ಬಂದಿತ್ತು. ಎದುರಿಗೆ ಯಾರೋ ಕೂತು, ಓದಲೆಂದು, ಪುಸ್ತಕವನ್ನು ಈ ಕಡೆಗೆ ತಿರುಗಿಸಿ ಹಿಡಿದುಕೊಂಡ ಹಾಗೆ.